ತಿರುಗುವ ಸ್ಟ್ಯಾಂಡು ರೆಕ್ಕೆಯನ್ನು ನೇರ ಮಾಡುವುದಿಲ್ಲ

ಅಲ್ಲಾಳಸಂದ್ರದವರಿಗೆ ವಿಮಾನ ಅಪರೂಪದ ವಸ್ತುವಲ್ಲ. ಹತ್ತಿರದಲ್ಲೇ ಜಕ್ಕೂರಿನ ವಿಮಾನ ತರಬೇತಿ ಮೈದಾನವಿದೆ, ಇನ್ನೊಂದು ಮಗ್ಗುಲಿಗೆ ಯಲಹಂಕದ ವಾಯುನೆಲೆ. 1996ರಿಂದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆದಾಗಲೆಲ್ಲ ಇಲ್ಲಿನ ತಾರಸಿಗಳೇ ಗ್ಯಾಲರಿಗಳಾಗುತ್ತವೆ. 1940ರಲ್ಲಿ ಎಚ್‌ಎಎಲ್ ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ. ಆ ವಿಮಾನ ಕಾರ್ಖಾನೆಯಲ್ಲಿ ದುಡಿದವರು ಒಬ್ಬರಾದರೂ ಇರುವ ಮನೆಗಳು ಈ ಭಾಗದಲ್ಲಿ ಕಡಿಮೆಯಿಲ್ಲ. ಈ ಪರಿಚಯದಿಂದಲೇ ಒಂದು ತಪ್ಪು ಕಲ್ಪನೆಯೂ ಬೆಳೆದಿದೆ. ಕಾರ್ಖಾನೆಯಲ್ಲಿ ನೆಲಕ್ಕೆ ಬೇರುಬಿಟ್ಟಂತಿರುವ ಜಿಗ್ ಎಂಬ ಉಕ್ಕಿನ ಹಿಡಿಚೌಕಟ್ಟು ರೆಕ್ಕೆಗೆ ಆಕಾರ ಕೊಡುತ್ತದೆ. ಹಾಗಾಗಿ ಮನೆಯಲ್ಲೇ ಸಣ್ಣ ವಿಮಾನ ಕಟ್ಟುವವರು ರೆಕ್ಕೆಯನ್ನು ಎರಡು ತುದಿಗಳಲ್ಲಿ ಹಿಡಿದು ಸುತ್ತ ತಿರುಗಿಸಲು ಮಾಡಿಕೊಳ್ಳುವ ಸ್ಟ್ಯಾಂಡು ಕೂಡ ಅದೇ ಕೆಲಸ ಮಾಡುತ್ತದೆ, ಅದು ಗಟ್ಟಿಯಾಗಿದ್ದಷ್ಟೂ ರೆಕ್ಕೆ ನೇರವಾಗಿರುತ್ತದೆ ಎಂದು ಹಲವರು ನಂಬಿದ್ದಾರೆ. ವಾಸ್ತವ ಹೆಚ್ಚುಕಡಿಮೆ ಇದಕ್ಕೆ ವಿರುದ್ಧವಾಗಿದೆ. ಸ್ಟ್ಯಾಂಡು ಇರುವುದು ಕೆಲಸ ಮಾಡುವವನ ಕೈಗೆ ಅನುಕೂಲವಾಗಲೆಂದು. ರೆಕ್ಕೆಯ ಆಕಾರ ನಿರ್ಧಾರವಾಗುವ ಗಳಿಗೆಯಲ್ಲಿ ಅದು ಬಿಗಿಯಾಗಿ ಹಿಡಿದಷ್ಟೂ ಅಪಾಯ ಹೆಚ್ಚು.

ಬಿಡುವಿನ ಹೊತ್ತಿನಲ್ಲಿ ವಿಮಾನ ಕಟ್ಟುವುದು ಹುಚ್ಚು ಸಾಹಸವಲ್ಲ ಎಂಬುದನ್ನು ಮೊದಲು ಹೇಳಬೇಕು. ಅಮೆರಿಕದಲ್ಲಿ 1953ರಲ್ಲಿ ಪಾಲ್ ಪೊಬೆರೆಜ್ನಿ ಆರಂಭಿಸಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಈ ಹವ್ಯಾಸಕ್ಕೆ ಶಿಸ್ತು ತಂದಿತು. ವ್ಯಾನ್ಸ್ ಏರ್‌ಕ್ರಾಫ್ಟ್ ಎಂಬ ಒಂದೇ ಕಂಪನಿಯ ಕಿಟ್‌ಗಳಿಂದ ಹವ್ಯಾಸಿಗಳು ಕಟ್ಟಿ ಹಾರಿಸಿದ ವಿಮಾನಗಳು ಹತ್ತು ಸಾವಿರ ದಾಟಿವೆ. ನಮ್ಮ ಊರಿಗೂ ಇದರಲ್ಲಿ ಪಾಲಿದೆ. ಬರ್ಟ್ ರುಟಾನ್ ಹವ್ಯಾಸಿಗಳಿಗೆಂದೇ ರೂಪಿಸಿದ ಲಾಂಗ್-ಈಝಿ ವಿನ್ಯಾಸವನ್ನು ಆಧರಿಸಿ 1980ರ ದಶಕದಲ್ಲಿ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ಒಂದು ಪುಟ್ಟ ಸಂಶೋಧನಾ ವಿಮಾನವನ್ನು ಕಟ್ಟಿತು. 1993ರಲ್ಲಿ ಅದೇ ಸಂಸ್ಥೆಯ ಎರಡು ಸೀಟಿನ ಕಾಂಪೊಸಿಟ್ ವಿಮಾನ ಹಂಸ ಮೊದಲ ಬಾರಿಗೆ ಹಾರಿತು. ರಾಜ್‌ಹಂಸ ಅಲ್ಟ್ರಾಲೈಟ್ಸ್ ತನ್ನ ಎಕ್ಸ್-ಏರ್ ವಿಮಾನದ ಕಿಟ್‌ಗಳನ್ನು ಬೆಂಗಳೂರಿನಿಂದ ಹೊರದೇಶಗಳಿಗೆ ಕಳಿಸಿತು. ಈ ಎಕ್ಸ್-ಏರ್‌ಗೆ ತಿರುಗುವ ಸ್ಟ್ಯಾಂಡು ಬೇಕಾಗುವುದೇ ಇಲ್ಲ. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿಗೆ ಹೊಲಿದು ತಯಾರಾಗಿರುವ ಬಟ್ಟೆಯನ್ನು ತೊಡಿಸಿದರೆ ರೆಕ್ಕೆ ಮುಗಿಯಿತು. ಎಲ್ಲ ರೆಕ್ಕೆಗೂ ಸ್ಟ್ಯಾಂಡು ಬೇಕೆಂಬ ಮಾತು ಅಲ್ಲಿಗೇ ಸುಳ್ಳಾಗುತ್ತದೆ. ಅದು ನಿಜಕ್ಕೂ ಉಪಯೋಗಕ್ಕೆ ಬರುವುದು ತಗಡು ಹೊದಿಸಿ ರಿವೆಟ್ ಹೊಡೆಯುವ ರೆಕ್ಕೆಗಳಿಗೆ ಮತ್ತು ರಿಬ್‌ಗಳಿಗೆ (ರೆಕ್ಕೆಗೆ ಅಡ್ಡಲಾಗಿ ಕೂರುವ ಪಕ್ಕೆಲುಬಿನಂಥ ಪಟ್ಟಿಗಳಿಗೆ) ಬಟ್ಟೆ ಹೊಲಿಯುವ ಮರದ ರೆಕ್ಕೆಗಳಿಗೆ. ರಿವೆಟ್ ಹೊಡೆಯುವಾಗ ಹೊರಗೊಂದು ಕೈ, ಒಳಗೊಂದು ಕೈ ಬೇಕು. ಬಟ್ಟೆ ಹೊಲಿಯುವಾಗ ಉದ್ದನೆಯ ಸೂಜಿಯನ್ನು ಈ ಬದಿಯಿಂದ ಆ ಬದಿಗೆ ದಾಟಿಸಬೇಕು. ಎರಡಕ್ಕೂ ರೆಕ್ಕೆ ಮುಂದಂಚಿನ ಮೇಲೆ ಸೆಟೆದು ನಿಂತಿರಬೇಕು. ಬಣ್ಣ ಹೊಡೆಯುವಾಗ ಮಾತ್ರ ಅದು ಮಲಗಿರಬೇಕು, ಇಲ್ಲದಿದ್ದರೆ ಬಣ್ಣ ಇಳಿಯುತ್ತದೆ.

ಇನ್ನು ಬಿಗಿತದ ವಿಷಯ. ಹೊದಿಕೆಯ ಒಂದು ಬದಿ ಇನ್ನೂ ತೆರೆದಿರುವ ರೆಕ್ಕೆ, ಉದ್ದಕ್ಕೆ ಸೀಳಿದ ಪೈಪಿನಂತೆ. ಇಡೀ ಪೈಪನ್ನು ಕೈಯಲ್ಲಿ ತಿರುಚಲು ಆಗದು, ಸೀಳಿದ ಪೈಪು ಸುಲಭವಾಗಿ ತಿರುಚಿಕೊಳ್ಳುತ್ತದೆ. ತೆಳು ಗೋಡೆಯ ಕೊಳವೆಯೊಂದರ ತಿರುಚು-ಬಿಗಿತವು ಸೀಳಿದಾಗ ಎಷ್ಟು ಕುಸಿಯುತ್ತದೆಂದು ಲೆಕ್ಕ ಹಾಕಬಹುದು. ತ್ರಿಜ್ಯವನ್ನು ದಪ್ಪದಿಂದ ಭಾಗಿಸಿ, ಬಂದದ್ದರ ವರ್ಗವನ್ನು ಮೂರರಿಂದ ಗುಣಿಸಿದರೆ ಆ ಅನುಪಾತ ಸಿಗುತ್ತದೆ. 100 ಮಿಲಿಮೀಟರ್ ತ್ರಿಜ್ಯ, 0.8 ಮಿಲಿಮೀಟರ್ ತಗಡು ಎಂದಿಟ್ಟುಕೊಂಡರೆ ಉತ್ತರ 46,875. ರೆಕ್ಕೆ ದುಂಡನೆಯ ಕೊಳವೆಯಲ್ಲ, ಒಳಗೆ ರಿಬ್‌ಗಳೂ ಇರುತ್ತವೆ, ಆದ್ದರಿಂದ ಸಂಖ್ಯೆ ಇದೇ ಆಗಿರುವುದಿಲ್ಲ. ಆದರೆ ವ್ಯತ್ಯಾಸ ಹತ್ತಿಪ್ಪತ್ತು ಪಟ್ಟಿನದಲ್ಲ, ಸಾವಿರಗಳ ಲೆಕ್ಕದ್ದು ಎಂಬುದು ಇದರಿಂದ ಸ್ಪಷ್ಟ. ಅಂದರೆ ಕೊನೆಯ ತಗಡು ಕೂರುವವರೆಗೆ ರೆಕ್ಕೆ ಹೇಗೆ ಬೇಕಾದರೂ ತಿರುಚಿಕೊಳ್ಳಬಲ್ಲದು. ಅದು ಕೂತ ಮೇಲೆ ಆ ಕ್ಷಣದಲ್ಲಿದ್ದ ತಿರುಚು ಜೀವಮಾನವಿಡೀ ಉಳಿಯುತ್ತದೆ. ಆಕಾರವನ್ನು ಹಿಡಿದಿಡುವುದು ಮುಚ್ಚಿದ ಹೊದಿಕೆಯೇ ಹೊರತು ಸ್ಟ್ಯಾಂಡಲ್ಲ. ಸ್ಟ್ಯಾಂಡಿಗೆ ಸಾಧ್ಯವಿರುವುದು ಆ ಕ್ಷಣಕ್ಕೆ ತನ್ನದೇ ಒಂದು ವಕ್ರತೆಯನ್ನು ಸೇರಿಸುವುದಷ್ಟೆ.

ಎಷ್ಟು ಸೇರಿಸಬಹುದು? ಸಾಮಾನ್ಯವಾಗಿ ಬುಡಕ್ಕೊಂದು, ತುದಿಗೊಂದು ಪ್ಲೈವುಡ್ ಚಕ್ರ ಹಾಕಿ, ಅದರ ಅಂಚಿನಲ್ಲಿ ರಂಧ್ರ ಕೊರೆದು, ಪಿನ್ ತೂರಿಸಿ ರೆಕ್ಕೆಯನ್ನು ಬೇಕಾದ ಕೋನದಲ್ಲಿ ನಿಲ್ಲಿಸುತ್ತಾರೆ. ಎರಡೂ ಕಡೆ ಪಿನ್ ಇದ್ದರೆ ಭದ್ರ ಎಂಬ ಎಣಿಕೆ. ಆದರೆ ರಂಧ್ರವು ಕೇಂದ್ರದಿಂದ 250 ಮಿಲಿಮೀಟರ್ ದೂರದಲ್ಲಿದ್ದು, ಎರಡು ಚಕ್ರಗಳ ರಂಧ್ರಗಳ ನಡುವೆ ಬರೀ 2 ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಬುಡಕ್ಕೂ ತುದಿಗೂ ಸುಮಾರು 0.46 ಡಿಗ್ರಿ ವ್ಯತ್ಯಾಸ ಬೀಳುತ್ತದೆ. ಡ್ರಿಲ್ ಹಿಡಿದ ಯಾವ ನುರಿತ ಬಡಗಿಗೂ 2 ಮಿಲಿಮೀಟರ್ ತಪ್ಪುವುದು ಅಸಹಜವಲ್ಲ. ಇಲ್ಲೇ ಇನ್ನೊಂದು ಸಮಾಧಾನದ ಮಾತು ಕೇಳಿಬರುತ್ತದೆ: ಎರಡು ರೆಕ್ಕೆಗಳನ್ನೂ ಒಂದೇ ಸ್ಟ್ಯಾಂಡಿನಲ್ಲಿ ಕಟ್ಟಿದರೆ ತಪ್ಪು ಎರಡರಲ್ಲೂ ಒಂದೇ ತೆರನಾಗಿರುತ್ತದೆ, ಹಾಗಾಗಿ ವಿಮಾನ ಒಂದು ಕಡೆ ವಾಲುವುದಿಲ್ಲ. ಕೇಳಲು ಸರಿ ಎನಿಸುವ ಈ ಮಾತು ಪೂರ್ತಿ ತಪ್ಪು. ತಿರುಚಿಗೆ ಸ್ಕ್ರೂವಿನ ಹಾಗೆ ಬಲ-ಎಡ ಇದೆ. ಬಲಸುತ್ತಿನ ಸ್ಕ್ರೂವನ್ನು ಯಾವ ತುದಿಯಿಂದ ನೋಡಿದರೂ, ತಲೆಕೆಳಗು ಮಾಡಿದರೂ ಅದು ಬಲಸುತ್ತಿನದೇ. ಎಡರೆಕ್ಕೆಯಾದರೋ ಬಲರೆಕ್ಕೆಯ ಕನ್ನಡಿ ರೂಪ. ಆದ್ದರಿಂದ ಒಂದೇ ಸ್ಟ್ಯಾಂಡಿನ ಅದೇ ತಿರುಚು ಒಂದು ರೆಕ್ಕೆಯ ತುದಿಯಲ್ಲಿ ಮುಂದಂಚನ್ನು ಎತ್ತುತ್ತದೆ, ಇನ್ನೊಂದರಲ್ಲಿ ತಗ್ಗಿಸುತ್ತದೆ. ರೆಕ್ಕೆಯನ್ನು ಯಾವ ಕಡೆಯಿಂದ ಸಿಕ್ಕಿಸಿದರೂ ಫಲ ಬದಲಾಗುವುದಿಲ್ಲ. ತಪ್ಪು ಪರಸ್ಪರ ಹೊಡೆದುಹೋಗುವ ಬದಲು ಇಮ್ಮಡಿಯಾಗುತ್ತದೆ, ಅರ್ಧ ಡಿಗ್ರಿಯದು ಒಂದು ಡಿಗ್ರಿಯ ಅಂತರವಾಗುತ್ತದೆ.

ಒಂದು ಡಿಗ್ರಿ ಎಂದರೆ ಏನು ಮಹಾ ಎನ್ನುವವರಿಗೆ ಗಾಳಿಯ ಲೆಕ್ಕ ಉತ್ತರ ಕೊಡುತ್ತದೆ. ಇಂಥ ವಿಮಾನ ಸಮತಲದಲ್ಲಿ ವೇಗವಾಗಿ ಹೋಗುವಾಗ ರೆಕ್ಕೆಯ ಎತ್ತುಬಲದ ಗುಣಾಂಕ 0.3ರ ಆಸುಪಾಸಿನಲ್ಲಿರುತ್ತದೆ. ಕೋನ ಒಂದು ಡಿಗ್ರಿ ಬದಲಾದರೆ ಗುಣಾಂಕ ಸುಮಾರು 0.08 ಬದಲಾಗುತ್ತದೆ. ಎಂದರೆ ಎರಡು ರೆಕ್ಕೆಗಳ ತುದಿಭಾಗಗಳ ಎತ್ತುಬಲದಲ್ಲಿ ಕಾಲುಭಾಗದಷ್ಟು ಅಸಮತೆ. ಬುಡದ ಕಡೆಗೆ ಬಂದಂತೆ ಅದು ಕಡಿಮೆಯಾಗುತ್ತದೆ, ನಿಜ. ಆದರೆ ಮಗುಚುವ ಬಲಕ್ಕೆ ಹೆಚ್ಚು ಹಿಡಿತವಿರುವುದು ತುದಿಯಲ್ಲೇ. ಪೈಲಟ್ ಸ್ಟಿಕ್ಕನ್ನು ಸದಾ ಒಂದು ಬದಿಗೆ ಒತ್ತಿಕೊಂಡೇ ಹಾರಿಸಬೇಕಾಗುತ್ತದೆ. ವೇಗ ಕುಗ್ಗಿದಾಗ ಒಂದು ರೆಕ್ಕೆ ಇನ್ನೊಂದಕ್ಕಿಂತ ಮೊದಲೇ ಎತ್ತುಬಲ ಕಳೆದುಕೊಳ್ಳುತ್ತದೆ. ಇದು ಸೌಂದರ್ಯದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಈಗಿನ ಕಿಟ್‌ಗಳಲ್ಲಿ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ), ರಿಬ್, ತಗಡು ಎಲ್ಲಕ್ಕೂ ಕಂಪ್ಯೂಟರ್ ಯಂತ್ರದಲ್ಲೇ ರಂಧ್ರ ಕೊರೆದು ಕೊಡುತ್ತಾರೆ. ರಂಧ್ರ ರಂಧ್ರಕ್ಕೆ ಕೂಡಿದರೆ ಆಕಾರ ತಾನೇ ಬರುತ್ತದಲ್ಲ? ಬಹುಮಟ್ಟಿಗೆ ಹೌದು, ಮತ್ತು ಅದು ಈ ವಾದವನ್ನು ಬಲಪಡಿಸುತ್ತದೆ. ಆಕಾರವನ್ನು ರಂಧ್ರಗಳೇ ತರುತ್ತವಾದರೆ ಸ್ಟ್ಯಾಂಡಿನ ಬಿಗಿ ಹಿಡಿತದ ಅಗತ್ಯ ಇನ್ನೂ ಕಡಿಮೆಯಾಯಿತು. ಆದರೆ ಬಲವಂತವಾಗಿ ತಿರುಚಿದ ಚೌಕಟ್ಟಿನಲ್ಲಿ ರಂಧ್ರಗಳು ಕೂಡದಿದ್ದಾಗ ಅವನ್ನು ಡ್ರಿಲ್‌ನಿಂದ ಅಗಲಿಸಿ ರಿವೆಟ್ ಹೊಡೆಯುವವರಿದ್ದಾರೆ. ಯಂತ್ರದ ನಿಖರತೆ ಅಲ್ಲಿಗೆ ಮುಗಿಯಿತು. ಹಂಸದಂಥ ಕಾಂಪೊಸಿಟ್ ವಿಮಾನಗಳಲ್ಲಿ ಆಕಾರ ಕೊಡುವ ಕೆಲಸವನ್ನು ಅಚ್ಚು ಮಾಡುತ್ತದೆ. ಲಾಂಗ್-ಈಝಿಯಲ್ಲಿ ಅಚ್ಚಿಲ್ಲ, ಫೋಮ್ ತಿರುಳಿನ ಮೇಲೆ ಗಾಜುನಾರು ಮತ್ತು ಎಪಾಕ್ಸಿ ಹಚ್ಚುತ್ತಾರೆ. ಆ ಎಪಾಕ್ಸಿ ಗಟ್ಟಿಯಾಗುವಾಗ ತಿರುಳು ಹೇಗೆ ಕೂತಿತ್ತೋ ರೆಕ್ಕೆಯೂ ಹಾಗೆಯೇ ಉಳಿಯುತ್ತದೆ.

ಜೋಲುವ ಸಮಸ್ಯೆ ಬೇರೆಯೇ. ಎರಡು ತುದಿಯಲ್ಲಿ ಮಾತ್ರ ಆಧಾರವಿರುವ ತೊಲೆ ತನ್ನ ತೂಕಕ್ಕೇ ನಡುವೆ ಬಾಗುತ್ತದೆ, ಉದ್ದ ಇಮ್ಮಡಿಯಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ಅದೇ ಆಧಾರಗಳನ್ನು ಪ್ರತಿ ತುದಿಯಿಂದ ಉದ್ದದ ಶೇ. 22ರಷ್ಟು ಒಳಕ್ಕೆ ಸರಿಸಿದರೆ ಬಾಗು ಹೆಚ್ಚುಕಡಿಮೆ ಐವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಿರುಗುವ ಸ್ಟ್ಯಾಂಡು ತುದಿಗಳನ್ನೇ ಹಿಡಿಯಬೇಕಾದ್ದರಿಂದ ಈ ಲಾಭ ಅದಕ್ಕಿಲ್ಲ. ಹೊದಿಕೆಯಿಲ್ಲದ ಸ್ಪಾರ್ ಮೇಲೆ-ಕೆಳಗೆ ಗಟ್ಟಿ, ಅಡ್ಡಕ್ಕೆ ದುರ್ಬಲ. ರೆಕ್ಕೆಯನ್ನು ಮುಂದಂಚಿನ ಮೇಲೆ ನಿಲ್ಲಿಸಿದಾಗ ತೂಕವೆಲ್ಲ ಬೀಳುವುದು ಆ ದುರ್ಬಲ ದಿಕ್ಕಿಗೇ. ನಡುವೆ ಎತ್ತರ ಹೊಂದಿಸಬಹುದಾದ ಒಂದು ಊರೆ ಇದ್ದರೆ ಸಾಕು, ಆದರೆ ಅದು ಇರಲೇಬೇಕು.

ಸ್ಟ್ಯಾಂಡು ವಿಮಾನದಷ್ಟೇ ಬಲವಾಗಿರಬೇಕೆಂಬ ನಂಬಿಕೆಯೂ ದುಡ್ಡು ಹಾಳುಮಾಡುತ್ತದೆ. 600 ಕಿಲೋ ತೂಗುವ ವಿಮಾನವನ್ನು 4.4 ಪಟ್ಟು ಭಾರಕ್ಕೆ ರೂಪಿಸಿದರೆ ಒಂದೊಂದು ರೆಕ್ಕೆ ಹಾರಾಟದಲ್ಲಿ 1,320 ಕಿಲೋ ತಡೆಯಬೇಕು. ಸ್ಟ್ಯಾಂಡು ಹೊರುವುದು ರೆಕ್ಕೆಯ ಸ್ವಂತ ತೂಕವನ್ನು ಮಾತ್ರ. 40 ಕಿಲೋ ರೆಕ್ಕೆಯಾದರೆ ಕಂಬಕ್ಕೆ 20 ಕಿಲೋ ಬಿತ್ತು. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಿಗುವ ಸಾಧಾರಣ ಚೌಕ ಕೊಳವೆ, ಇಲ್ಲವೇ ಗ್ಯಾರೇಜಿನವರು ಎಂಜಿನ್ ಕೂರಿಸುವ ಎರಡು ಹಳೆಯ ಸ್ಟ್ಯಾಂಡುಗಳು ಧಾರಾಳವಾಗಿ ಸಾಕು. ಗಮನ ಕೊಡಬೇಕಾದದ್ದು ಕಂಬ ಮಗುಚದಂತೆ ಪಾದ ಅಗಲವಾಗಿರುವುದಕ್ಕೆ ಮತ್ತು ತಿರುಗುವ ಅಕ್ಷ ಎಲ್ಲಿದೆ ಎಂಬುದಕ್ಕೆ. ಭಾರಕೇಂದ್ರ ಅಕ್ಷದಿಂದ 10 ಸೆಂಟಿಮೀಟರ್ ಆಚೆಗಿದ್ದರೆ, 40 ಸೆಂಟಿಮೀಟರ್ ಹಿಡಿಕೆಯ ತುದಿಯಲ್ಲಿ 10 ಕಿಲೋ ಬಲ ಹಾಕಬೇಕು. 50 ಸೆಂಟಿಮೀಟರ್ ಆಚೆಗಿದ್ದರೆ 50 ಕಿಲೋ, ಕೈಜಾರಿದರೆ ರೆಕ್ಕೆ ಬೀಸಿ ಹೊಡೆಯುತ್ತದೆ. ಅಸ್ಥಿಪಂಜರವಾಗಿದ್ದಾಗ ತೂಕ ಸ್ಪಾರ್ ಬಳಿ ಇರುತ್ತದೆ, ತಗಡು ಕೂತಂತೆ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಅಕ್ಷವನ್ನು ಜರುಗಿಸಲು ಉದ್ದನೆಯ ಸೀಳುರಂಧ್ರ ಬೇಕು. ಬುಡದ ಸ್ಪಾರ್‌ನಲ್ಲಿರುವ ಬೋಲ್ಟ್ ರಂಧ್ರಗಳು ಮುಂದೆ ಇಡೀ ವಿಮಾನವನ್ನು ಹೊರುವಂಥವು. ಸ್ಟ್ಯಾಂಡಿನ ಬೋಲ್ಟು ಅವಕ್ಕಿಂತ ಸಣ್ಣದಿರಲಿ, ಮರದ ಬುಶ್ ಇರಲಿ. ಸ್ಟ್ಯಾಂಡಿಗೋಸ್ಕರ ಸ್ಪಾರ್‌ಗೆ ಹೊಸ ರಂಧ್ರ ಕೊರೆಯುವುದಂತೂ ಕೂಡದು.

ಹಾಗಾದರೆ ಹೊದಿಕೆ ಮುಚ್ಚುವ ದಿನ ಮಾಡಬೇಕಾದದ್ದೇನು? ಪಿನ್ನು ಬುಡದಲ್ಲಿ ಮಾತ್ರ ಇರಬೇಕು, ತುದಿಯ ಬೇರಿಂಗ್ ತನ್ನ ಪಾಡಿಗೆ ತಿರುಗುವಂತೆ ಬಿಡಬೇಕು. ಒಂದೇ ಮಾದರಿಹಲಗೆಯನ್ನು ಬುಡ, ನಡು, ತುದಿಗಳಲ್ಲಿ ಇಟ್ಟು, 0.1 ಡಿಗ್ರಿ ತೋರಿಸುವ ಡಿಜಿಟಲ್ ಮಟ್ಟದಿಂದ ಕೋನ ಅಳೆಯಬೇಕು. ಗಾರೆ ಕೆಲಸದವರ ತೂಗುಗುಂಡು ಮತ್ತು ದಾರ ಈ ಅಳತೆಗೆ ಒಳ್ಳೆಯ ಸಾಕ್ಷಿ. ಬಿಸಿಲೇರಿದ ತಗಡಿನ ಶೆಡ್ಡಿನಲ್ಲಿ ಈ ಕೆಲಸ ಬೇಡ: 3 ಮೀಟರ್ ಅಲ್ಯೂಮಿನಿಯಂ ತಗಡು 15 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಒಂದು ಮಿಲಿಮೀಟರ್ ಬೆಳೆಯುತ್ತದೆ, ನೆರಳಿನ ಸ್ಪಾರ್ ಬೆಳೆಯುವುದಿಲ್ಲ. ತಾತ್ಕಾಲಿಕ ಕ್ಲಿಪ್ಪುಗಳಲ್ಲಿ ತಗಡು ಕೂರಿಸಿದ ಮೇಲೆ ಇನ್ನೊಮ್ಮೆ, ಅಲ್ಲೊಂದು ಇಲ್ಲೊಂದು ರಿವೆಟ್ ಬಿದ್ದ ಮೇಲೆ ಮತ್ತೊಮ್ಮೆ ಅಳೆಯಬೇಕು. ಎರಡನೆಯ ರೆಕ್ಕೆಗೆ ಮೊದಲನೆಯದರ ಅಂಕಿಗಳನ್ನೇ ಗುರಿಯಾಗಿಟ್ಟುಕೊಳ್ಳಬೇಕು. ಕೊನೆಯ ಸಾಲು ರಿವೆಟ್ ಮುಗಿದ ಮೇಲೆ ತುದಿಯ ಪಿನ್ನನ್ನೂ ಹಾಕಿ, ರೆಕ್ಕೆಯನ್ನು ಮಲಗಿಸಿ ಬಣ್ಣಕ್ಕೆ ಕೈಹಾಕಬಹುದು.