ಒತ್ತಿದಾಗ ಮಿಸ್ ಹೊಡೆಯುವ ಗಾಡಿ

‘ಗಾಡಿ ಮಿಸ್ ಹೊಡಿಲಾಕತ್ತದ’. ಯಡ್ರಾಮಿ ಸೀಮೆಯಲ್ಲಿ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದವರ ಬಾಯಲ್ಲಿ ಮೊದಲು ಬರುವ ಮಾತು ಇದು. ತಿರುಗಿ ಕೇಳಬೇಕಾದ ಪ್ರಶ್ನೆ ಒಂದೇ: ಯಾವಾಗ? ನಿಂತಲ್ಲೇ ನಡುಗುತ್ತದೋ, ಮುಂದಿನ ಟ್ರ್ಯಾಕ್ಟರ್ ದಾಟಲೆಂದು ಆಕ್ಸಿಲರೇಟರ್ ಒತ್ತಿದಾಗ ಜಗ್ಗಾಡುತ್ತದೋ? ನಸುಕಿನ ಥಂಡಿಯಲ್ಲೋ, ಎಂಜಿನ್ ಕಾದ ಮೇಲೋ? ಟರ್ಬೊ ಪೆಟ್ರೋಲ್ ಗಾಡಿಯಲ್ಲಿ ಈ ಉತ್ತರವೇ ಅರ್ಧ ಪತ್ತೆದಾರಿಕೆ. ಇದನ್ನು ಕೇಳದೆ ಪ್ಲಗ್, ಕಾಯಿಲ್, ಇಂಜೆಕ್ಟರ್, ಪಂಪ್ ಎಂದು ಸಾಲಾಗಿ ಬದಲಿಸುತ್ತ ಹೋದರೆ ಒಂದು ಹಂಗಾಮಿನ ತೊಗರಿ ದುಡ್ಡು ಕರಗಿದರೂ ನಡುಕ ಹಾಗೇ ಉಳಿಯಬಹುದು. ರೈತನ ದುಡ್ಡು ಹೀಗೆ ಪೋಲಾಗಬಾರದು ಎಂಬುದೇ ನನ್ನ ಕಾಳಜಿ.

ಮೊದಲು ನಡುಕದ ಲೆಕ್ಕ ನೋಡೋಣ. ಇಂದಿನ ಸಣ್ಣ ಟರ್ಬೊ ಕಾರುಗಳಲ್ಲಿ ಬಹಳಷ್ಟಕ್ಕೆ ಮೂರೇ ಸಿಲಿಂಡರ್. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತ ನಿಂತಿದೆ ಎಂದುಕೊಳ್ಳಿ. ಎರಡು ಸುತ್ತಿಗೊಮ್ಮೆ ಒಂದೊಂದು ಸಿಲಿಂಡರಿನಲ್ಲಿ ಬೆಂಕಿ ಹೊತ್ತುತ್ತದೆ. ಮೂರೂ ಸೇರಿ ಸೆಕೆಂಡಿಗೆ 20 ಬಡಿತ. ಒಂದು ಸಿಲಿಂಡರ್ ಸತ್ತರೆ ಅದರಲ್ಲಿ ಆರೇಳು ಬಡಿತ ಮಾಯ. ಮೂರು ಸಿಲಿಂಡರಿನ ಎಂಜಿನ್ ಆರೋಗ್ಯವಾಗಿದ್ದಾಗಲೂ ಸ್ವಲ್ಪ ನಡುಗುತ್ತದೆ, ಅದು ಅದರ ಜಾಯಮಾನ. ಆ ನಡುಕಕ್ಕೆ ಒಂದು ಸಮ ಲಯ ಇರುತ್ತದೆ. ಬೆಂಕಿ ಹೊತ್ತದೆ ಮಿಸ್‌ಫೈರ್ ಆದಾಗ ಲಯವೇ ಕುಂಟುತ್ತದೆ.

ಆ ಕುಂಟನ್ನು ಕಾರಿನ ಕಂಪ್ಯೂಟರ್ ನಮಗಿಂತ ಮೊದಲೇ ಕಂಡುಹಿಡಿಯುತ್ತದೆ. ಕ್ರ್ಯಾಂಕ್‌ಶಾಫ್ಟಿಗೆ ಹಲ್ಲಿನ ಚಕ್ರವೊಂದಿದೆ, ಪಕ್ಕದಲ್ಲಿ ಸೆನ್ಸರ್. ಬೆಂಕಿ ಹೊತ್ತಿದಾಗಲೆಲ್ಲ ಚಕ್ರ ಒಂದಿಷ್ಟು ಚುರುಕಾಗಬೇಕು. ಆಗದಿದ್ದರೆ ಸರದಿ ಯಾರದಿತ್ತು ಎಂದು ನೋಡಿ ದಾಖಲಿಸುತ್ತದೆ: ಪಿ0301 ಎಂದರೆ ಮೊದಲನೇ ಸಿಲಿಂಡರ್, ಪಿ0302 ಎಂದರೆ ಎರಡನೆಯದು, ಪಿ0300 ಎಂದರೆ ಒಂದೇ ಕಡೆ ನಿಲ್ಲದ ದೋಷ. ಸ್ಕ್ಯಾನರ್ ಹಚ್ಚಿದಾಗ ಕಾಣುವ ಈ ಕೋಡ್ ಜಾಗವನ್ನು ತೋರಿಸುತ್ತದೆ, ಕಾರಣವನ್ನಲ್ಲ. ‘ಸ್ಕ್ಯಾನರ್‌ನಾಗ ಕಾಯಿಲ್ ಹೋಗ್ಯದ ಅಂತ ಬಂತು’ ಎನ್ನುವವರು ಇಲ್ಲಿ ಎಡವುತ್ತಾರೆ.

ಇನ್ನು ಟರ್ಬೊದ ಗುಟ್ಟು. ಹೊಗೆಯ ರಭಸಕ್ಕೆ ಟರ್ಬೈನ್ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗಿ, ಸಿಲಿಂಡರಿಗೆ ಗಾಳಿಯನ್ನು ತುರುಕುತ್ತದೆ. ಹೀಗೆ ಏರುವ ಒತ್ತಡವೇ ಬೂಸ್ಟ್. ವಾತಾವರಣದ ಒತ್ತಡದ ಮೇಲೆ ಇನ್ನೊಂದು ಅಷ್ಟೇ ಒತ್ತಡ ಸೇರಿದರೆ, ಕಿಡಿ ಹಾರುವ ಹೊತ್ತಿಗೆ ಪ್ಲಗ್ಗಿನ ಬಾಯಲ್ಲಿರುವ ಗಾಳಿ ಹೆಚ್ಚುಕಡಿಮೆ ಇಮ್ಮಡಿ ದಟ್ಟ. ಗಾಳಿ ದಟ್ಟವಾದಷ್ಟೂ, ಕಿಡಿ ದಾಟಬೇಕಾದ ಸಂದು ಅಗಲವಾದಷ್ಟೂ ಹೆಚ್ಚು ವೋಲ್ಟೇಜ್ ಬೇಕು. ಜರ್ಮನಿಯ ಫ್ರೀಡ್ರಿಕ್ ಪಾಶೆನ್ 1889ರಲ್ಲಿ ಪ್ರಯೋಗದಿಂದ ಕಂಡುಕೊಂಡ ನಿಯಮ ಇದು; ಕಾರಿನ ಪ್ಲಗ್ಗಿಗೂ ಇದೇ ಅನ್ವಯ. ಸವೆದು ಸಂದು ಅಗಲವಾದ ಪ್ಲಗ್ ನಿಂತ ಗಾಡಿಯಲ್ಲಿ ಚೆನ್ನಾಗಿಯೇ ಉರಿಯುತ್ತದೆ. ಬೂಸ್ಟ್ ಏರಿದ ಕೂಡಲೇ ಸೋಲುತ್ತದೆ. ಪ್ಲಗ್ಗಿಗೆ ವಿದ್ಯುತ್ತು ಕೊಡುವ ಕಾಯಿಲ್ಲಿನ ರಬ್ಬರ್ ತೊಡುಗೆ ಎಲ್ಲಾದರೂ ಸೀಳಿದ್ದರೆ, ದಟ್ಟ ಗಾಳಿಯನ್ನು ದಾಟುವ ಬದಲು ವಿದ್ಯುತ್ತು ಆ ಸೀಳಿನಿಂದ ಎಂಜಿನ್ ಲೋಹಕ್ಕೇ ಹಾರಿಬಿಡುತ್ತದೆ. ಬೆಂಗಳೂರಿನ ಮೈಕೋ ಹೆಸರಿನ ಪ್ಲಗ್ಗನ್ನು ಬಿಚ್ಚಿ, ಉಜ್ಜಿ, ಮತ್ತೆ ಹಾಕಿದ ಹಳೆಯ ಮೆಕ್ಯಾನಿಕ್‌ಗಳ ಕೈಗೆ ಇದು ಹೊಸ ಪಾಠ: ಟರ್ಬೊ ಗಾಡಿಗೆ ಕಂಪನಿ ಹೇಳಿದ ಪ್ಲಗ್ಗೇ ಬೇಕು, ಹೇಳಿದಷ್ಟೇ ಸಂದು ಬೇಕು.

ತಪ್ಪು ಕಾಯಿಲ್ಲಿನದೋ ಪ್ಲಗ್ಗಿನದೋ ಎಂದು ತಿಳಿಯುವ ಪರೀಕ್ಷೆಗೆ ಖರ್ಚೇ ಇಲ್ಲ. ಎಂಜಿನ್ ಪೂರ್ತಿ ಆರಲಿ. ಬಿಸಿಯಲ್ಲಿ ಬೆಂದ ಪ್ಲಾಸ್ಟಿಕ್ ಕೊಂಡಿಗಳು ಆತುರಪಟ್ಟರೆ ಮುರಿಯುತ್ತವೆ. ಪಿ0301 ಬಂದಿದೆ ಎನ್ನಿ. ಮೊದಲನೇ ಸಿಲಿಂಡರಿನ ಕಾಯಿಲ್ಲನ್ನು ಎರಡನೆಯದಕ್ಕೆ, ಎರಡನೆಯದನ್ನು ಮೊದಲನೆಯದಕ್ಕೆ ಹಾಕಿ, ಕೋಡ್ ಅಳಿಸಿ, ಮೊದಲಿನ ಹಾಗೇ ಓಡಿಸಿ. ಪಿ0301 ಹೋಗಿ ಪಿ0302 ಬಂದರೆ ಕಳ್ಳ ಕಾಯಿಲ್ಲೇ. ಅಲ್ಲೇ ಉಳಿದರೆ ಪ್ಲಗ್ಗನ್ನು ಹೀಗೇ ಅದಲುಬದಲು ಮಾಡಿ. ತೆಗೆದ ಪ್ಲಗ್ಗಿನ ಮುಖವನ್ನೂ ಓದಬೇಕು: ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆಯ ಪಸೆ ಇದ್ದರೆ ಎಣ್ಣೆ ಒಳಕ್ಕೆ ನುಗ್ಗುತ್ತಿದೆ.

ನಿಂತಾಗ ನಡುಗಿ, ಓಡುವಾಗ ಸರಿಹೋಗುವ ಗಾಡಿಯ ಕಥೆ ಬೇರೆ. ಅಲ್ಲಿ ಅನುಮಾನ ಗಾಳಿಯ ಮೇಲೆ. ಸ್ಕ್ಯಾನರಿನಲ್ಲಿ ಫ್ಯುಯಲ್ ಟ್ರಿಮ್ ಎಂಬ ಅಂಕಿ ಇದೆ, ಕಂಪ್ಯೂಟರ್ ತಾನಾಗಿ ಎಷ್ಟು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ. ನಿಂತಾಗ ಏರಿದ್ದು 2500 ಸುತ್ತಿಗೆ ಇಳಿದರೆ ಎಲ್ಲೋ ಪೈಪ್ ಸೀಳಿ ಕಳ್ಳಗಾಳಿ ಒಳಬರುತ್ತಿದೆ. ಭಾರ ಬಿದ್ದಷ್ಟೂ ಏರುತ್ತ ಹೋದರೆ ಪಂಪ್ ಇಲ್ಲವೇ ಇಂಜೆಕ್ಟರ್ ಸಾಕಷ್ಟು ಪೆಟ್ರೋಲ್ ಕೊಡುತ್ತಿಲ್ಲ. ಟರ್ಬೊದಿಂದ ಎಂಜಿನ್ನಿಗೆ ಬರುವ ಇಂಟರ್‌ಕೂಲರ್ ಪೈಪುಗಳ ಕ್ಲಾಂಪ್ ಸಡಿಲವಾಗಿದ್ದರೆ, ಒತ್ತಿದಾಗ ‘ಸುಯ್’ ಎನ್ನುವ ಸದ್ದಿನೊಂದಿಗೆ ಪಿಕಪ್ಪೂ ಹೋಗುತ್ತದೆ.

ಇಲ್ಲಿನ ನೆಲದ ಕಾರಣಗಳನ್ನೂ ಮರೆಯಬಾರದು. ರಾಶಿ ಕಾಲದಲ್ಲಿ ಎರೆಮಣ್ಣಿನ ಧೂಳು, ತೊಗರಿ ಹೊಟ್ಟು ಏರ್ ಫಿಲ್ಟರಿಗೆ ತುಂಬುತ್ತವೆ. ಕಾಳಿನ ಚೀಲ ಪೇರಿಸಿದ ಮನೆಯ ಪಕ್ಕ ಗಾಡಿ ನಿಲ್ಲಿಸಿದರೆ ಬೆಚ್ಚಗಿನ ಬಾನೆಟ್ಟಿನೊಳಗೆ ಇಲಿ ಸೇರಿ ವೈರ್ ಕಡಿಯುತ್ತದೆ. ಕಾಯಿಲ್ ಬಿಚ್ಚುವ ಮುನ್ನ ಟಾರ್ಚ್ ಹಿಡಿದು ವೈರುಗಳನ್ನು ನೋಡುವುದು ಜಾಣತನ. 40 ಡಿಗ್ರಿ ದಾಟುವ ಬಿಸಿಲಲ್ಲಿ ಗಾಡಿ ಮಂಕಾಗುವುದು ಬಹಳ ಸಲ ಮಿಸ್‌ಫೈರ್ ಅಲ್ಲವೇ ಅಲ್ಲ. ಪೆಟ್ರೋಲ್ ತಾನಾಗಿಯೇ ಹೊತ್ತಿ ಬಡಿಯುವ ನಾಕಿಂಗ್ ತಪ್ಪಿಸಲು ಕಂಪ್ಯೂಟರ್ ಕಿಡಿಯನ್ನು ತಡಮಾಡಿ ಬೂಸ್ಟ್ ಇಳಿಸಿರುತ್ತದೆ, ಅಷ್ಟೇ. ಆಗ ಎಳೆತ ಕಡಿಮೆಯಾಗುತ್ತದೆ, ಲಯ ಕುಂಟುವುದಿಲ್ಲ.

ಇಷ್ಟೆಲ್ಲ ನೋಡಿಯೂ ಅದೇ ಸಿಲಿಂಡರ್ ಹಟ ಹಿಡಿದರೆ ಕಂಪ್ರೆಷನ್ ಅಳೆಯಬೇಕು. ನೇರ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಪೆಟ್ರೋಲ್ ಒಳವಾಲ್ವನ್ನು ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಇಂಗಾಲ ಗಟ್ಟಿಯಾಗಿ ಕೂರುತ್ತದೆ. ಅದನ್ನೂ ಇಣುಕಿ ನೋಡಬೇಕು.

ರಾತ್ರಿ ಜೇವರ್ಗಿ ದಾರಿಯ ನಡುವೆ ಚೆಕ್ ಎಂಜಿನ್ ದೀಪ ಮಿನುಗತೊಡಗಿತೆನ್ನಿ. ಸುಮ್ಮನೆ ಬೆಳಗುವ ದೀಪ ನಾಳೆಯವರೆಗೆ ಕಾಯುತ್ತದೆ, ಮಿನುಗುವುದು ಕಾಯುವುದಿಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಜೇನುಗೂಡಿನಂಥ ಹಾಸು ಕರಗುವಷ್ಟು ಕಾಯುತ್ತದೆ. ಕಾಲು ಸಡಿಲಿಸಿ. ಬೂಸ್ಟ್ ಇಳಿಯುತ್ತದೆ, ಸಿಲಿಂಡರಿನ ಗಾಳಿ ತೆಳುವಾಗುತ್ತದೆ, ಸೋತ ಪ್ಲಗ್ಗಿಗೂ ಆ ಸಂದು ದಾಟುವ ಶಕ್ತಿ ಮರಳಿ ಬರಬಹುದು. ದೀಪ ಮಿನುಗುವುದು ನಿಂತರೆ ಅದೇ ಹಗುರ ಕಾಲಿನಲ್ಲಿ ಹತ್ತಿರದ ಊರು ಮುಟ್ಟಿ. ನಿಲ್ಲದಿದ್ದರೆ ಒಣಹುಲ್ಲಿಲ್ಲದ ಜಾಗ ನೋಡಿ ಗಾಡಿ ಬದಿಗೆ ಹಾಕಿ, ಎಂಜಿನ್ ಬಂದ್ ಮಾಡಿ.