ಸರಪಳಿ ಹಿಡಿದ ಕೈ

ಮುಂಜಾನೆಯ ವಾಯುಸೇವನೆಗೆಂದು ಬಡಾವಣೆಯ ಉದ್ಯಾನಕ್ಕೆ ಹೋದ ವೃದ್ಧರೊಬ್ಬರು, ಸರಪಳಿಯಿಲ್ಲದೆ ತಮ್ಮತ್ತ ಧಾವಿಸಿ ಬರುವ ದೃಢಕಾಯದ ನಾಯಿಯನ್ನು ಕಂಡು ನಿಂತಲ್ಲೇ ಬೆವರುತ್ತಿರುವಾಗ, ಹಿಂದಿನಿಂದ ಸಾವಕಾಶವಾಗಿ ಬರುವ ಯಜಮಾನರ ಬಾಯಿಂದ ಹೊರಡುವ ಅಭಯವಚನ ಸಾಮಾನ್ಯವಾಗಿ ಒಂದೇ: "ಹೆದರಬೇಡಿ ಸಾರ್, ಏನೂ ಮಾಡಲ್ಲ." ಮನೆಯವರಿಗೆ ಏನೂ ಮಾಡದ ಪ್ರಾಣಿ ಅಪರಿಚಿತರಿಗೂ ಏನೂ ಮಾಡದೆಂಬ ಈ ತರ್ಕಕ್ಕೆ ಆಧಾರವೇನೆಂದು ಆ ಗಳಿಗೆಯಲ್ಲಿ ಕೇಳುವ ಧೈರ್ಯ ಯಾರಿಗಿದ್ದೀತು?

ದೋಷವನ್ನು ತಳಿಯ ಮೇಲೆ ಹೊರಿಸುವುದು ಸುಲಭ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರವು ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳ ಮಾರಾಟ ಹಾಗೂ ಸಂತಾನಾಭಿವೃದ್ಧಿಗೆ ಅನುಮತಿ ಕೊಡಕೂಡದೆಂದು ರಾಜ್ಯಗಳಿಗೆ ಪತ್ರ ಬರೆದರೆ, ಸಂಬಂಧಪಟ್ಟವರ ಅಹವಾಲನ್ನು ಆಲಿಸದೆ ಹೊರಡಿಸಿದ್ದೆಂಬ ಕಾರಣದಿಂದ ಕರ್ನಾಟಕ ಹೈಕೋರ್ಟು ಏಪ್ರಿಲಿನಲ್ಲಿ ಅದನ್ನು ರದ್ದುಗೊಳಿಸಿತು. ಬ್ರಿಟನ್ನಿನಲ್ಲಿ 1991ರ ಕಾಯಿದೆಯು ನಾಲ್ಕು ತಳಿಗಳನ್ನು ನಿಷೇಧಿಸಿತ್ತು. ಮೂರು ದಶಕಗಳ ಬಳಿಕ ಎಕ್ಸ್‌ಎಲ್ ಬುಲ್ಲಿಯನ್ನೂ ಆ ಪಟ್ಟಿಗೆ ಸೇರಿಸಬೇಕಾಯಿತು. ಪಟ್ಟಿ ಬೆಳೆದೀತು, ಸಾಕುವವನ ಸ್ವಭಾವ ಬದಲಾಗದು.

ನಾಯಿಯಾದರೋ ಕಚ್ಚುವ ಮುನ್ನ ಬಹುಮಟ್ಟಿಗೆ ಸೂಚನೆ ಕೊಡುವ ಪ್ರಾಣಿ. ಮೈ ಸೆಟೆಯುತ್ತದೆ, ಬಾಲ ನಿಶ್ಚಲವಾಗುತ್ತದೆ, ಕಣ್ಣಂಚಿನ ಬಿಳುಪು ಕಾಣುತ್ತದೆ, ತುಟಿ ಮೇಲೆದ್ದು ಗುರುಗುಟ್ಟುವಿಕೆ ಹೊರಡುತ್ತದೆ. ನೆಂಟರೆದುರು ಗುರುಗುಟ್ಟಿತೆಂದು ಅದನ್ನು ಹೊಡೆದು ಸುಮ್ಮನಾಗಿಸುವ ಯಜಮಾನನು, ಅದರ ಭಯವನ್ನು ಹಾಗೆಯೇ ಉಳಿಸಿ ಎಚ್ಚರಿಕೆಯನ್ನು ಮಾತ್ರ ಅಳಿಸಿಬಿಡುತ್ತಾನೆ. ಇಂತಹ ನಾಯಿ ಮುಂದೊಮ್ಮೆ ಸದ್ದಿಲ್ಲದೆ ಕಚ್ಚಿದಾಗ "ಇದ್ದಕ್ಕಿದ್ದಂತೆ ಹೀಗಾಯಿತು" ಎನ್ನುವವನೂ ಅವನೇ. ಪ್ರತಿಷ್ಠೆಗಾಗಿ ಕಾವಲುತಳಿಯ ಮರಿಯನ್ನು ತಂದು, ಹಗಲೆಲ್ಲ ಬಾಲ್ಕನಿಯಲ್ಲಿ ಕಟ್ಟಿಹಾಕಿ, ಸಂಜೆ ಅದರ ಸೆಳೆತಕ್ಕೆ ಜೋಲಿ ಹೊಡೆಯುವ ಹುಡುಗನ ಕೈಗೆ ಸರಪಳಿ ಕೊಟ್ಟು ಕಳಿಸುವವರನ್ನು ಶ್ವಾನಪ್ರಿಯರೆಂದು ಕರೆಯಲು ನನಗಂತೂ ಮನಸ್ಸಿಲ್ಲ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಸಾಕುಪ್ರಾಣಿಯಿಂದ ಸಂಭವಿಸಬಹುದಾದ ಅಪಾಯವನ್ನು ತಡೆಯಲು ಉಪೇಕ್ಷೆ ತೋರಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಆರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ನೆರೆಹೊರೆಯ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ದೂರು ಕೊಡದವರೇ ಹೆಚ್ಚು.

ಕಚ್ಚಿಸಿಕೊಂಡವರು ಗಾಯವನ್ನು ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಸಾಕುನಾಯಿಯೆಂದು ಉದಾಸೀನ ಮಾಡದೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಇನ್ನು ಯಜಮಾನರಲ್ಲಿ ವಿನಂತಿ: ಗೇಟು ದಾಟುವ ಮೊದಲೇ ಸರಪಳಿ ಹಾಕಿರಿ, ಅಗತ್ಯವಿದ್ದರೆ ಬಾಯಿಕುಕ್ಕೆಯನ್ನೂ ತೊಡಿಸಿರಿ, ಎದುರಿಗೆ ಬರುವವರು ಹೆದರಿದರೆ ಸಮಾಧಾನ ಹೇಳುವ ಬದಲು ನಾಯಿಯೊಡನೆ ನೀವೇ ಪಕ್ಕಕ್ಕೆ ಸರಿಯಿರಿ.