ಹೊರಡುವ ದಾರಿ ಮನೆಯ ಹೆಂಗಸರಿಗೂ ಗೊತ್ತಿರಲಿ

ಚಂಡಮಾರುತವೆಂದರೆ ಮಲ್ಪೆ, ಭಟ್ಕಳದವರ ಚಿಂತೆ, ನೀಲಗುಂದ, ಹರಪನಹಳ್ಳಿಯ ಬಯಲುಸೀಮೆಗೆ ಅದರಿಂದೇನು ಎಂದು ಕೇಳುವವರಿದ್ದಾರೆ. ಆದರೆ 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಉತ್ತರ ಕರ್ನಾಟಕದ ಮೇಲೆ ದಿನಗಟ್ಟಲೆ ಮಳೆ ಸುರಿಸಿತು. ಅದು ಚಂಡಮಾರುತದ ಮಟ್ಟಕ್ಕೂ ಏರಿರಲಿಲ್ಲ. ಆದರೂ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮಣ್ಣಿನ ಗೋಡೆ ಕುಸಿದು ಸತ್ತವರೂ ಅವರಲ್ಲಿ ಅನೇಕರು.

ಹಿಂದೆ ಉಳಿಯುವವರು ಯಾರು?

1991ರ ಏಪ್ರಿಲ್ 29ರಂದು ಬಾಂಗ್ಲಾದೇಶಕ್ಕೆ ಬಡಿದ ಚಂಡಮಾರುತದಲ್ಲಿ ಸುಮಾರು 1,38,000 ಜನ ಸತ್ತರು. ಅವರಲ್ಲಿ ಗಂಡಸರಿಗಿಂತ ಹೆಂಗಸರು, ಮಕ್ಕಳೇ ಹೆಚ್ಚು. ಮುನ್ನೆಚ್ಚರಿಕೆ ಬಂದಿತ್ತು. ಆದರೆ ಯಜಮಾನರು ಬರಲಿ ಎಂದು ಕಾದವರಿದ್ದರು. ಪರಗಂಡಸರು ತುಂಬಿದ ಆಶ್ರಯತಾಣಕ್ಕೆ ಹೋಗಲು ಸಂಕೋಚಪಟ್ಟವರಿದ್ದರು. ಗಂಡಸರು ದುಡಿಮೆಗೆ ದೂರ ಹೋಗಿರುವ ನಮ್ಮ ಮನೆಗಳಿಗೂ ಇದು ಪಾಠ. ಹೊರಡುವ ತೀರ್ಮಾನ ಮಾಡಲು ಮನೆಯಲ್ಲಿರುವ ಹೆಂಗಸರಿಗೆ ಮೊದಲೇ ಒಪ್ಪಿಗೆ ಇರಬೇಕು. ಜೀವ ಉಳಿಸಿಕೊಳ್ಳುವುದಕ್ಕೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಒಂದಲ್ಲ, ಎರಡು ದಾರಿ

ಗಟ್ಟಿ ಕಟ್ಟಡದ ಶಾಲೆ, ಮಸೀದಿ, ಶಾದಿಮಹಲ್ ಅಥವಾ ಎತ್ತರದಲ್ಲಿರುವ ನೆಂಟರ ಮನೆ, ಇವುಗಳಲ್ಲಿ ಎಲ್ಲಿಗೆ ಹೋಗುವುದೆಂದು ಈಗಲೇ ನಿರ್ಧರಿಸಿ. ಅಲ್ಲಿಗೆ ಎರಡು ದಾರಿ ಗುರುತಿಸಿ. ಹಳ್ಳ ದಾಟುವ ತಗ್ಗು ಸೇತುವೆ, ಕೆರೆ ಏರಿ, ನದಿದಂಡೆ ಇಲ್ಲದ ದಾರಿಯೇ ಮೊದಲ ಆಯ್ಕೆ. ಒಣ ದಿನದಲ್ಲಿ ಅಜ್ಜಿಯನ್ನೂ ಮಕ್ಕಳನ್ನೂ ಕರೆದುಕೊಂಡು ಒಮ್ಮೆ ನಡೆದು, ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಅದರ ಎರಡರಷ್ಟು ಸಮಯ ಇಟ್ಟುಕೊಳ್ಳಿ.

ಕರಾವಳಿಗೆ ಹವಾಮಾನ ಇಲಾಖೆ ಚಂಡಮಾರುತದ ಒಂದು ಎಚ್ಚರಿಕೆಯನ್ನು 48 ಗಂಟೆ ಮೊದಲು, ಮತ್ತೊಂದನ್ನು 24 ಗಂಟೆ ಮೊದಲು ಕೊಡುತ್ತದೆ. ಅಲ್ಲಿ ನೆಂಟರಿದ್ದರೆ ಫೋನ್ ಮಾಡಿ ತಿಳಿಸಿ. ನಮ್ಮಲ್ಲಿ ರೆಡ್ ಅಲರ್ಟ್ ಬಂದರೆ, ಮಣ್ಣಿನ ಮನೆಯವರು ಮತ್ತು ತಗ್ಗಿನಲ್ಲಿರುವವರು ಹಗಲಿನಲ್ಲೇ ಹೊರಡುವುದು ಲೇಸು. ಹರಿಯುವ ನೀರು ಅರ್ಧ ಅಡಿ ಇದ್ದರೂ ಆಳನ್ನು ಬೀಳಿಸುತ್ತದೆ, ಎರಡು ಅಡಿ ಇದ್ದರೆ ಕಾರನ್ನೇ ಒಯ್ಯುತ್ತದೆ. ರಸ್ತೆ ಮೇಲೆ ನೀರು ಕಂಡರೆ ಹಿಂದಿರುಗಿ, ಎರಡನೇ ದಾರಿ ಹಿಡಿಯಿರಿ.

ಚೀಲದಲ್ಲಿ ಏನಿರಬೇಕು?

• ಬಿಪಿ, ಸಕ್ಕರೆ ಕಾಯಿಲೆಯ ಒಂದು ವಾರದ ಮಾತ್ರೆ, ವೈದ್ಯರ ಚೀಟಿ. ಇನ್ಸುಲಿನ್ ಇದ್ದರೆ ತಣ್ಣನೆಯ ಬಟ್ಟೆ ಸುತ್ತಿದ ಡಬ್ಬಿಯಲ್ಲಿ
• ಗರ್ಭಿಣಿಯರ ತಾಯಿ ಕಾರ್ಡ್, ಮಗುವಿನ ಲಸಿಕೆ ಕಾರ್ಡ್
• ಸ್ಯಾನಿಟರಿ ಪ್ಯಾಡ್, ಸೋಪು, ಒಣ ಬಟ್ಟೆ, ದುಪಟ್ಟಾ
• ಕುದಿಸಿ ಆರಿಸಿದ ನೀರು, ಓಆರ್‌ಎಸ್ ಪೊಟ್ಟಣ
• ಆಧಾರ್, ರೇಷನ್ ಕಾರ್ಡ್, ಟಾರ್ಚ್

ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ. ಚಮಚ ಸಮತಟ್ಟಾಗಿರಲಿ. ನೆರೆಯ ನೀರು ಸೇರಿದ ಬಾವಿ, ಬೋರ್‌ವೆಲ್ ನೀರನ್ನು ಕುದಿಸದೆ ಕುಡಿಯಬೇಡಿ.

ಜಮಾಅತಿನ ಕೆಲಸ

ಒಂಟಿ ವೃದ್ಧೆಯರು, ಗರ್ಭಿಣಿಯರು, ನಡೆಯಲಾಗದವರು ಯಾವ ಮನೆಯಲ್ಲಿದ್ದಾರೆ, ಅವರನ್ನು ಯಾರು ಕರೆತರಬೇಕು ಎಂಬ ಪಟ್ಟಿ ಮೊಹಲ್ಲಾದಲ್ಲಿರಲಿ. ಜಾತಿ, ಮತ ನೋಡದೆ ಓಣಿಯ ಎಲ್ಲ ಮನೆಗಳೂ ಅದರಲ್ಲಿ ಸೇರಲಿ. ಆಶ್ರಯತಾಣದಲ್ಲಿ ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಾಲಯ ಇದೆಯೆಂದು ಗೊತ್ತಾದರೆ ಸಂಕೋಚಪಡುವವರೂ ಹೊರಡುತ್ತಾರೆ. ಮಸೀದಿಯ ಮೈಕಿನಿಂದ ಎಚ್ಚರಿಕೆ ಕೊಡಬಹುದು.

112 ತುರ್ತು ಸಹಾಯಕ್ಕೆ, 108 ಆಂಬುಲೆನ್ಸ್‌ಗೆ, 1077 ಜಿಲ್ಲಾ ವಿಪತ್ತು ಸಹಾಯವಾಣಿಗೆ. ಈ ಮೂರನ್ನೂ ಅಡುಗೆಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.